ಶಾವುವೋತ್ ಹಬ್ಬಕ್ಕೆ ರೂತಳನ್ನು ಓದುವ ಬಗೆ
ಯೆಹೂದ್ಯರು ತಮ್ಮ ಸುಗ್ಗಿಯ ಹಬ್ಬವಾದ ಶಾವುವೋತ್‌ನಲ್ಲಿ ಓದುವ ಬೈಬಲಿನ ರೂತಳ ಗ್ರಂಥ ನಾಲ್ಕೇ ಅಧ್ಯಾಯ, 85 ವಚನ. ಕುಳಿತಲ್ಲಿಂದ ಏಳದೆ ಮುಗಿಸಬಹುದು. ಪೆನ್ಸಿಲ್ ಹಿಡಿದು ‘ಮೋವಾಬ್ಯಳು’ (ನೆರೆಯ ಮೋವಾಬ್ ದೇಶದವಳು) ಎಂದು ಬಂದಲ್ಲೆಲ್ಲ ಗೆರೆ ಎಳೆಯಿರಿ. ಅತ್ತೆಯ ಕೈಬಿಡದೆ ಆಕೆಯ ಊರಾದ ಬೇತ್ಲೆಹೇಮಿಗೆ ಬಂದ ಮೇಲೂ ರೂತಳಿಗೆ ಆ ಹಣೆಪಟ್ಟಿ ತಪ್ಪುವುದಿಲ್ಲ.

ಎರಡನೆಯ ಅಧ್ಯಾಯದಲ್ಲಿ ನಿಲ್ಲಿ. ಆ ಊರಿನ ಬೋವಜನ ಹೊಲದಲ್ಲಿ ಅವಳು ಹಕ್ಕಲಾಯುತ್ತಾಳೆ, ಅಂದರೆ ಕೊಯ್ಲಿನಲ್ಲಿ ಬಿಟ್ಟುಹೋದ ತೆನೆ ಆಯುತ್ತಾಳೆ. ಅದು ಭಿಕ್ಷೆಯಲ್ಲ, ಹಕ್ಕು: ಹೊಲದ ಅಂಚನ್ನೂ ಉದುರಿದ ತೆನೆಯನ್ನೂ ಬಡವರಿಗೆ, ಪರದೇಶಿಗಳಿಗೆ ಬಿಡಬೇಕೆಂದು ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ. ರೂತಳ ಎರಡನೆಯ ಅಧ್ಯಾಯದ ಹತ್ತನೆಯ ವಚನವನ್ನು ಮೂಲ ಹೀಬ್ರೂವಿನಲ್ಲೇ ಕೇಳಿ. ‘ನನ್ನನ್ನು ಗುರುತಿಸಲು’ ಎಂಬುದು ‘ಹಕ್ಕಿರೇನಿ’, ‘ಪರದೇಶಿ’ ಎಂಬುದು ‘ನೊಖ್ರಿಯಾ’. ಎರಡರಲ್ಲೂ ನೂನ್, ಕಾಫ್, ರೇಶ್ ಎಂಬ ಅವೇ ಮೂರು ಅಕ್ಷರಗಳು. ಮಂಗಳೂರಿನಿಂದ ಇಸ್ರೇಲಿನ ಹೈಫಾಕ್ಕೆ ಆರೈಕೆ ಕೆಲಸಕ್ಕೆ ಬಂದ ನನಗೆ ಇದನ್ನು ತೋರಿಸಿದವರು ನಾನು ನೋಡಿಕೊಳ್ಳುವ ಅಜ್ಜಿ. ಅವರ ಬೆರಳು ಆ ಸಾಲಿನ ಮೇಲೆ ಬಹಳ ಹೊತ್ತು ನಡುಗುತ್ತಲೇ ಇತ್ತು.

ಬಳಿಕ ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ತೆರೆಯಿರಿ. ಅದು ಮೋವಾಬ್ಯರನ್ನು ಇಸ್ರಾಯೇಲ್ಯರ ಸಭೆಯಿಂದ ಹೊರಗಿಡುತ್ತದೆ. ರೂತಳಾದರೋ ಇಸ್ರಾಯೇಲ್ಯರ ಅರಸ ದಾವೀದನ ಮುತ್ತಜ್ಜಿ. ಎರಡನ್ನೂ ಅಕ್ಕಪಕ್ಕ ಇಡಿ, ಸಮಾಧಾನಕ್ಕೆ ಅವಸರಿಸಬೇಡಿ.

ಕೊನೆಗೆ ಅಂದಿನ ಪತ್ರಿಕೆ. ವಲಸೆ ಕಾರ್ಮಿಕರ ಸುದ್ದಿಯಲ್ಲಿ ಹೆಸರಿಲ್ಲದೆ ಬರೀ ದೇಶದಿಂದ ಕರೆದಿರುವ ಕಡೆಯೆಲ್ಲ ಅದೇ ಪೆನ್ಸಿಲಿನಿಂದ ಗೆರೆ ಎಳೆಯಿರಿ.