ನಾಲ್ಕೂ ಕಡೆ ‘ಸ್ಟಾಪ್’ ಫಲಕ ಬೇಕೇ? ಅರ್ಜಿ ಬರೆಯುವ ಮೊದಲು ಪರಿಶೀಲಿಸುವುದು ಹೇಗೆ

ಕೇರಳದ ಕಾಸರಗೋಡು ಜಿಲ್ಲೆಯ ಚೆರ್ಕಳದಿಂದ ಪೆರ್ಲದತ್ತ ಸಾಗುವ ರಸ್ತೆಯು ಕುಂಬಳೆ–ಮುಳ್ಳೇರಿಯ ರಸ್ತೆಯನ್ನು ಬದಿಯಡ್ಕದಲ್ಲಿ ಸಂಧಿಸುತ್ತದೆ. ಅಂತಹ ಪೇಟೆಯ ಜಂಕ್ಷನ್‌ಗಳ ಮೇಲೆ ಇಲಾಖೆಗಳ ಕಣ್ಣು ಹೇಗೂ ಇರುತ್ತದೆ. ಈ ಲೇಖನದ ವಿಷಯ ಅವುಗಳಲ್ಲ. ತೋಟಗಳ ನಡುವೆಯೋ ಪದವಿನ ಮೇಲೆಯೋ ಎರಡು ಒಳರಸ್ತೆಗಳು ಒಂದನ್ನೊಂದು ದಾಟುವ, ಪೊಲೀಸರಾಗಲಿ ಸಿಗ್ನಲ್ ದೀಪವಾಗಲಿ ಇಲ್ಲದ ಸಣ್ಣ ಜಂಕ್ಷನ್‌ಗಳು. ಅಲ್ಲೊಂದು ಬೈಕ್ ಅಪಘಾತವಾದರೆ ಮುಂದಿನ ಗ್ರಾಮಸಭೆಯಲ್ಲಿ ಹಂಪ್ ಹಾಕಬೇಕೆಂಬ ಬೇಡಿಕೆ ಮೊದಲು ಬರುತ್ತದೆ. ನಾಲ್ಕೂ ದಿಕ್ಕಿನಿಂದ ಬರುವ ವಾಹನಗಳು ನಿಂತೇ ಮುಂದೆ ಹೋಗುವಂತೆ ಫಲಕ ಹಾಕಬೇಕೆಂದು ಕೇಳುವವರೂ ಇದ್ದಾರೆ. ಬೇಡಿಕೆಯಲ್ಲಿ ತಪ್ಪಿಲ್ಲ, ಆದರೆ ಅದು ಆ ಜಾಗಕ್ಕೆ ಒಪ್ಪುತ್ತದೆಯೇ ಎಂಬುದನ್ನು ಅಳೆದು ನೋಡಬಹುದು. ಅದಕ್ಕೆ ಬೇಕಾಗುವುದು ಅಳತೆಯ ಟೇಪು, ಮೊಬೈಲಿನ ಸ್ಟಾಪ್‌ವಾಚ್, ಒಂದು ನೋಟ್‌ಬುಕ್ ಮತ್ತು ನಾಲ್ಕು ಜನರ ಒಂದು ದಿನದ ಬಿಡುವು.

ನಮ್ಮಲ್ಲಿ ಎಂಟು ಮೂಲೆಯ ಕೆಂಪು ‘ಸ್ಟಾಪ್’ ಫಲಕವನ್ನು ಸಾಮಾನ್ಯವಾಗಿ ಚಿಕ್ಕ ರಸ್ತೆಯು ದೊಡ್ಡ ರಸ್ತೆಯನ್ನು ಸೇರುವಲ್ಲಿ, ಚಿಕ್ಕ ರಸ್ತೆಯ ಬದಿಯಲ್ಲಿ ಮಾತ್ರ ನಿಲ್ಲಿಸುತ್ತಾರೆ. ನಾಲ್ಕೂ ಕಡೆಯವರು ನಿಂತು, ಮೊದಲು ಬಂದವರು ಮೊದಲು ಹೋಗುವ ಕ್ರಮ ಅಮೆರಿಕ, ಕೆನಡಾ, ದಕ್ಷಿಣ ಆಫ್ರಿಕಾಗಳಲ್ಲಿ ಬಳಕೆಯಲ್ಲಿದೆ. ಆ ಕ್ರಮ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದಕ್ಕೆ ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತದ ಸಂಚಾರ ನಿಯಂತ್ರಣ ಕೈಪಿಡಿ ಸ್ಪಷ್ಟವಾದ ಅಂಕಿಗಳನ್ನು ಕೊಡುತ್ತದೆ. ಅದರ ಹನ್ನೊಂದನೆಯ ಆವೃತ್ತಿ 2023ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಆ ಅಂಕಿಗಳು ಇಲ್ಲಿ ಕಾನೂನಲ್ಲ. ಹೋಲಿಸಿ ನೋಡಲು ಒಂದು ಅಳತೆಗೋಲು ಮಾತ್ರ.

ಮೊದಲು ರಸ್ತೆ ಯಾರದ್ದೆಂದು ತಿಳಿಯಿರಿ

ಎರಡೂ ರಸ್ತೆಗಳು ಪಂಚಾಯತ್‌ನವೇ, ಒಂದು ಲೋಕೋಪಯೋಗಿ ಇಲಾಖೆಯದ್ದೇ ಎಂಬುದನ್ನು ವಾರ್ಡ್ ಸದಸ್ಯರಿಂದಲೋ ಪಂಚಾಯತ್ ಕಚೇರಿಯ ರಸ್ತೆ ದಾಖಲೆಯಿಂದಲೋ ತಿಳಿದುಕೊಳ್ಳಬಹುದು. ರಾಷ್ಟ್ರೀಯ ಹೆದ್ದಾರಿ 66ಕ್ಕೋ ಅದರ ಸರ್ವಿಸ್ ರಸ್ತೆಗೋ ತಾಗಿಕೊಂಡಿರುವ ಜಂಕ್ಷನ್ ಆದರೆ ಈ ಲೇಖನದ ವಿಧಾನವನ್ನು ಅಲ್ಲಿಗೆ ಅನ್ವಯಿಸಬೇಡಿ. ಮೋಟಾರು ವಾಹನ ಕಾಯ್ದೆ 1988ರ 116ನೇ ಸೆಕ್ಷನ್ ಪ್ರಕಾರ ಸಂಚಾರ ಫಲಕ ಹಾಕುವ ಅಧಿಕಾರ ಇರುವುದು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ನೀಡಿದ ಪ್ರಾಧಿಕಾರಕ್ಕೆ. ಊರಿನ ಕ್ಲಬ್ಬಿನವರು ಪ್ರಾಯೋಜಕರ ಹೆಸರಿನ ಸಮೇತ ನಿಲ್ಲಿಸುವ ಫಲಕಕ್ಕೆ, ಎಷ್ಟೇ ಒಳ್ಳೆಯ ಉದ್ದೇಶದಿಂದ ನಿಲ್ಲಿಸಿದ್ದರೂ, ಕಾನೂನಿನ ಬಲ ಇರುವುದಿಲ್ಲ.

ಅಪಘಾತಗಳ ಸಂಖ್ಯೆಗಿಂತ ಬಗೆ ಮುಖ್ಯ

‘ಇಲ್ಲಿ ಯಾವಾಗಲೂ ಅಪಘಾತವಾಗುತ್ತದೆ’ ಎಂಬ ಮಾತಿನಿಂದ ಎಂಜಿನಿಯರ್‌ಗೆ ಏನೂ ತಿಳಿಯುವುದಿಲ್ಲ. ಕಳೆದ ಮೂರು ವರ್ಷಗಳಲ್ಲಿ ಆ ಜಂಕ್ಷನ್‌ನಲ್ಲಿ ನಡೆದ ಅಪಘಾತಗಳ ದಿನಾಂಕ, ಹೊತ್ತು, ವಾಹನಗಳು ಬಂದ ದಿಕ್ಕು ಮತ್ತು ಢಿಕ್ಕಿಯ ಬಗೆಯನ್ನು ಪಟ್ಟಿ ಮಾಡಬೇಕು. ಠಾಣೆಯಲ್ಲಿ ಕೇಳಿದಾಗ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಉತ್ತರ ಕೊಡಲು 30 ದಿನಗಳ ಅವಧಿಯಿದೆ. ಗಾಯಾಳುಗಳ ಹೆಸರು, ವಿಳಾಸ ಕೇಳುವ ಅಗತ್ಯವಿಲ್ಲ. ಠಾಣೆಯವರೆಗೆ ಹೋಗದೆ ಊರಿನಲ್ಲೇ ರಾಜಿಯಾದ ಪ್ರಕರಣಗಳನ್ನು ಜಂಕ್ಷನ್‌ನ ಅಂಗಡಿಯವರಿಂದಲೂ ಆಟೋ ಚಾಲಕರಿಂದಲೂ ಕೇಳಿ ತಿಳಿದು, ಅವನ್ನು ಬೇರೆಯೇ ಪಟ್ಟಿಯಲ್ಲಿ ಬರೆದಿಡಿ. ಎರಡನ್ನೂ ಬೆರೆಸಿದರೆ ಅರ್ಜಿಯ ಮೇಲಿನ ನಂಬಿಕೆ ಕಡಿಮೆಯಾಗುತ್ತದೆ.

ಅಮೆರಿಕದ ಕೈಪಿಡಿಯ ಪ್ರಕಾರ ನಾಲ್ಕು ರಸ್ತೆ ಕೂಡುವಲ್ಲಿ 12 ತಿಂಗಳಲ್ಲಿ ಐದು ಅಥವಾ 36 ತಿಂಗಳಲ್ಲಿ ಆರು ಅಪಘಾತಗಳು ವರದಿಯಾಗಿದ್ದರೆ, ಮೂರು ರಸ್ತೆ ಕೂಡುವಲ್ಲಿ 12 ತಿಂಗಳಲ್ಲಿ ನಾಲ್ಕು ಅಥವಾ 36 ತಿಂಗಳಲ್ಲಿ ಐದು ಆಗಿದ್ದರೆ ಎಲ್ಲ ಕಡೆಯ ಸ್ಟಾಪ್ ಫಲಕವನ್ನು ಪರಿಗಣಿಸಬಹುದು. ಆದರೆ ಲೆಕ್ಕಕ್ಕೆ ಬರುವುದು ಎಲ್ಲರೂ ನಿಂತು ಹೋಗಿದ್ದರೆ ತಪ್ಪಬಹುದಾಗಿದ್ದ ಅಪಘಾತಗಳು ಮಾತ್ರ. ಅಡ್ಡರಸ್ತೆಯಿಂದ ಬಂದ ಬೈಕ್ ನೇರ ಹೋಗುತ್ತಿದ್ದ ಪಿಕಪ್‌ನ ಪಕ್ಕಕ್ಕೆ ಬಡಿದದ್ದು ಈ ಲೆಕ್ಕಕ್ಕೆ ಸೇರುತ್ತದೆ, ಬಲಕ್ಕೆ ತಿರುಗುವಾಗ ಎದುರಿನ ವಾಹನಕ್ಕೆ ತಾಗಿದ್ದೂ ಸೇರುತ್ತದೆ. ಮಳೆಗೆ ಜಾರಿ ತಾನಾಗಿಯೇ ಬಿದ್ದ ಸ್ಕೂಟರ್, ಹಿಂದಿನಿಂದ ಗುದ್ದಿದ ಕಾರು, ರಾತ್ರಿ ನಿಲ್ಲಿಸಿದ್ದ ಲಾರಿಗೆ ಬಡಿದ ಆಟೋ ಇವು ಯಾವುವೂ ಸೇರುವುದಿಲ್ಲ. ಹಿಂದಿನಿಂದ ಗುದ್ದುವ ಅಪಘಾತಗಳಂತೂ ಸ್ಟಾಪ್ ಫಲಕ ಬಂದ ಮೇಲೆ ಹೆಚ್ಚುವುದೂ ಉಂಟು. ನಮ್ಮ ಕೇಂದ್ರ ಸಾರಿಗೆ ಸಚಿವಾಲಯ ರಾಷ್ಟ್ರೀಯ ಹೆದ್ದಾರಿಯಲ್ಲಿ ‘ಬ್ಲ್ಯಾಕ್ ಸ್ಪಾಟ್’ ಗುರುತಿಸುವ ಲೆಕ್ಕವೇ ಬೇರೆ: ಸುಮಾರು 500 ಮೀಟರ್‌ನೊಳಗೆ ಮೂರು ವರ್ಷಗಳಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವುಗಳು. ಒಳರಸ್ತೆಯ ಜಂಕ್ಷನ್ ಆ ಮಟ್ಟ ಮುಟ್ಟಲಿ ಎಂದು ಕಾಯಬೇಕಾಗಿಲ್ಲ.

ನೋಟ ಎಷ್ಟು ದೂರ ಸಿಗುತ್ತದೆ

ಕಾಸರಗೋಡಿನ ಒಳರಸ್ತೆಗಳಲ್ಲಿ ಹೆಚ್ಚಿನ ತೊಂದರೆ ಅಡಗಿರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಕೆಂಪುಕಲ್ಲಿನ ಗುಡ್ಡವನ್ನು ಕಡಿದು ಮಾಡಿದ ರಸ್ತೆಗೆ ಎರಡೂ ಬದಿಯಲ್ಲಿ ಆಳೆತ್ತರದ ದರೆ ಇರುತ್ತದೆ, ದರೆಯ ಮೇಲೆ ಪಾಗಾರ, ಪಾಗಾರದಾಚೆ ಬಾಳೆಯೋ ಕಾಡುಪೊದೆಯೋ ಬೆಳೆದಿರುತ್ತದೆ. ಮೂಲೆಯಲ್ಲೇ ಬಸ್ ತಂಗುದಾಣ, ಅದರ ಪಕ್ಕದಲ್ಲಿ ಆಟೋ ಸ್ಟ್ಯಾಂಡ್, ಮೇಲೆ ಶುಭಾಶಯದ ಫ್ಲೆಕ್ಸ್. ಅಡ್ಡರಸ್ತೆಯಿಂದ ಬರುವವನಿಗೆ ಮುಖ್ಯರಸ್ತೆ ಕಾಣುವ ಹೊತ್ತಿಗೆ ಅವನ ಮುಂದಿನ ಚಕ್ರ ಅಲ್ಲಿಗೆ ತಲುಪಿರುತ್ತದೆ.

ರಸ್ತೆಗಳ ಮಾನದಂಡ ರೂಪಿಸುವ ಎಂಜಿನಿಯರ್‌ಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದಲ್ಲಿ, ಚಿಕ್ಕ ರಸ್ತೆಯಲ್ಲಿ ಜಂಕ್ಷನ್‌ಗಿಂತ 15 ಮೀಟರ್ ಹಿಂದಿರುವ ಚಾಲಕನಿಗೆ ಮುಖ್ಯರಸ್ತೆಯಲ್ಲಿ ಎಂಟು ಸೆಕೆಂಡುಗಳಲ್ಲಿ ವಾಹನವೊಂದು ಕ್ರಮಿಸುವಷ್ಟು ದೂರ ಕಾಣಬೇಕು. ಗಂಟೆಗೆ 50 ಕಿ.ಮೀ. ವೇಗದ ರಸ್ತೆಗೆ ಅದು 110 ಮೀಟರ್, 65 ಕಿ.ಮೀ. ವೇಗಕ್ಕೆ 145 ಮೀಟರ್, 80 ಕಿ.ಮೀ. ವೇಗಕ್ಕೆ 180 ಮೀಟರ್. ಪರೀಕ್ಷಿಸುವ ಕ್ರಮ ಸರಳ. ಒಬ್ಬರು 15 ಮೀಟರ್ ಹಿಂದೆ, ಕಣ್ಣು ನೆಲದಿಂದ 1.2 ಮೀಟರ್ ಎತ್ತರಕ್ಕೆ ಬರುವಂತೆ ಬಗ್ಗಿಯೋ ಕುಳಿತೋ ಇರಬೇಕು. ಇನ್ನೊಬ್ಬರು ಮುಖ್ಯರಸ್ತೆಯ ಅಂಚಿನಲ್ಲಿ ಕೈಯಲ್ಲಿ ಬಣ್ಣದ ಬಟ್ಟೆ ಹಿಡಿದು ದೂರ ಹೋಗುತ್ತಾ ಇರಬೇಕು. ಬಟ್ಟೆ ಮರೆಯಾದ ಜಾಗದಿಂದ ಜಂಕ್ಷನ್‌ವರೆಗೆ ಟೇಪು ಹಿಡಿದು ಅಳೆಯಿರಿ. ನಾವು ಎಡಬದಿಯಲ್ಲಿ ಓಡಿಸುವುದರಿಂದ ಅಡ್ಡರಸ್ತೆಯವನಿಗೆ ಮೊದಲು ಎದುರಾಗುವುದು ಬಲಗಡೆಯಿಂದ ಬರುವ ವಾಹನ; ಆದ್ದರಿಂದ ಬಲದ ನೋಟವನ್ನು ಮೊದಲು ಅಳೆದು, ಅನಂತರ ಎಡದ್ದನ್ನು ಅಳೆಯಿರಿ. ನಾಲ್ಕು ಮೂಲೆಗಳಿಗೂ ಹೀಗೆಯೇ ಮಾಡಬೇಕು. ಈ ಅಳತೆಯನ್ನು ಏಪ್ರಿಲ್‌ನಲ್ಲಿ ಮಾಡಿದರೆ ಸಾಲದು, ಆಗಸ್ಟ್‌ನಲ್ಲಿಯೂ ಒಮ್ಮೆ ಮಾಡಬೇಕು. ಎರಡು ತಿಂಗಳ ಮಳೆಗೆ ಬೆಳೆಯುವ ಪೊದೆ ಒಂದು ಮೂಲೆಯನ್ನು ಪೂರ್ತಿ ಮುಚ್ಚಬಲ್ಲದು.

ಅಳತೆ ಕಡಿಮೆ ಬಂದರೆ ಮುಂದಿನ ಪ್ರಶ್ನೆ ಒಂದೇ: ತಡೆಯಾಗಿರುವುದನ್ನು ತೆಗೆಯಲು ಸಾಧ್ಯವೇ? ಪೊದೆ, ಫ್ಲೆಕ್ಸ್, ನಿಲ್ಲಿಸಿದ ವಾಹನಗಳಾದರೆ ಸಾಧ್ಯ. ಪಾಗಾರವನ್ನು ಮೂಲೆಯಲ್ಲಿ ತಗ್ಗಿಸಲು ಜಾಗದವರು ಒಪ್ಪುವುದೂ ಉಂಟು. ದರೆಯೋ ಹಳೆಯ ಕಟ್ಟಡವೋ ಆದರೆ, ಮತ್ತು ಸ್ಟಾಪ್ ಗೆರೆಯಲ್ಲಿ ಪೂರ್ತಿ ನಿಂತ ಮೇಲೆಯೂ ಮುಖ್ಯರಸ್ತೆಯ ವಾಹನ ಕಾಣದಿದ್ದರೆ, ಮುಖ್ಯರಸ್ತೆಯವರನ್ನೂ ನಿಲ್ಲಿಸಬೇಕೆಂಬ ವಾದಕ್ಕೆ ಬಲ ಬರುತ್ತದೆ. ಅಮೆರಿಕದ ಕೈಪಿಡಿಯೂ ಇದನ್ನು ಪ್ರತ್ಯೇಕ ಕಾರಣವೆಂದು ಒಪ್ಪುತ್ತದೆ.

ಎಂಟು ಗಂಟೆಗಳ ಎಣಿಕೆ

ಶಾಲೆಯಿರುವ ಸಾಮಾನ್ಯ ವಾರದ ದಿನವೊಂದನ್ನು ಆರಿಸಿಕೊಳ್ಳಿ. ಜಾತ್ರೆ, ಮದುವೆ, ಹರತಾಳದ ದಿನ ಬೇಡ. ಪ್ರತಿ ದಿಕ್ಕಿಗೆ ಒಬ್ಬರಂತೆ ಕುಳಿತು, ಒಳಬರುವ ವಾಹನಗಳನ್ನು ಹದಿನೈದು ನಿಮಿಷಗಳಿಗೊಮ್ಮೆ ಗೆರೆ ಹಾಕಿ ಬರೆಯಿರಿ. ಅಡ್ಡರಸ್ತೆಯ ಕಡೆ ನಡೆದು ಬರುವವರನ್ನೂ ಸೈಕಲ್‌ಗಳನ್ನೂ ಲೆಕ್ಕಕ್ಕೆ ಸೇರಿಸಿ. ಅಮೆರಿಕದ ಅಳತೆಯಲ್ಲಿ, ದಿನದ ಯಾವುದಾದರೂ ಎಂಟು ಗಂಟೆಗಳ ಸರಾಸರಿಯಾಗಿ ಮುಖ್ಯರಸ್ತೆಯ ಎರಡೂ ಕಡೆಯಿಂದ ಒಟ್ಟು ಗಂಟೆಗೆ 300 ವಾಹನಗಳು, ಮತ್ತು ಅದೇ ಗಂಟೆಗಳಲ್ಲಿ ಅಡ್ಡರಸ್ತೆಯ ಎರಡೂ ಕಡೆಯಿಂದ ವಾಹನ, ಸೈಕಲ್, ಪಾದಚಾರಿ ಸೇರಿ ಗಂಟೆಗೆ 200 ಬರಬೇಕು.

ಕಲ್ಪಿತ ಉದಾಹರಣೆಯೊಂದನ್ನು ನೋಡೋಣ. ಒಂದು ಜಂಕ್ಷನ್‌ನಲ್ಲಿ ಎಂಟು ಗಂಟೆಗಳಲ್ಲಿ ಮುಖ್ಯರಸ್ತೆಯಿಂದ 2,480 ವಾಹನಗಳು, ಅಡ್ಡರಸ್ತೆಯಿಂದ 1,000 ವಾಹನಗಳು ಮತ್ತು 640 ಪಾದಚಾರಿಗಳು ಬಂದರು. ಗಂಟೆಗೆ 310 ಮತ್ತು 205 ಆಯಿತು, ಅಳತೆ ದಾಟಿತು. ಇನ್ನೊಂದರಲ್ಲಿ ಮುಖ್ಯರಸ್ತೆಯಿಂದ 3,700, ಅಡ್ಡರಸ್ತೆಯಿಂದ ಎಲ್ಲ ಸೇರಿ 480. ಒಟ್ಟು ಲೆಕ್ಕದಲ್ಲಿ ಎರಡನೆಯದೇ ಹೆಚ್ಚು ದಟ್ಟಣೆಯದ್ದು, ಆದರೂ ಅದು ಅಳತೆಗೆ ಸಿಗುವುದಿಲ್ಲ. ಅಡ್ಡರಸ್ತೆಯಿಂದ ಗಂಟೆಗೆ 60 ಮಾತ್ರ ಬರುವಲ್ಲಿ ಮುಖ್ಯರಸ್ತೆಯ 460 ಚಾಲಕರನ್ನು ನಿಲ್ಲಿಸಿದರೆ, ನಿಂತವರಿಗೆ ಅಡ್ಡದಲ್ಲಿ ಯಾರೂ ಕಾಣದೆ, ನಾಲ್ಕನೆಯ ದಿನದಿಂದ ಅವರು ನಿಲ್ಲುವುದೇ ಇಲ್ಲ. ಅಡ್ಡರಸ್ತೆಯವನಾದರೋ ಫಲಕವನ್ನು ನಂಬಿ ಮುಂದೆ ಬರುತ್ತಾನೆ. ಫಲಕವಿಲ್ಲದ ಜಂಕ್ಷನ್‌ಗಿಂತ ಅದು ಹೆಚ್ಚು ಅಪಾಯಕರ. ಎರಡೂ ರಸ್ತೆಗಳ ಸಂಚಾರ ಹೆಚ್ಚುಕಡಿಮೆ ಸಮವಾಗಿರುವಲ್ಲಿ ಮಾತ್ರ ಈ ಕ್ರಮ ನಡೆಯುತ್ತದೆ.

ನಮ್ಮ ಎಣಿಕೆಯಲ್ಲಿ ದ್ವಿಚಕ್ರ ವಾಹನಗಳೇ ಹೆಚ್ಚು ಇರುತ್ತವೆ. ಗ್ರಾಮೀಣ ರಸ್ತೆಗಳಿಗೆ ರಸ್ತೆ ಕಾಂಗ್ರೆಸ್ಸಿನ ಕೋಷ್ಟಕ ಬೈಕನ್ನು 0.5 ಕಾರಿಗೆ, ಬಸ್ಸು–ಲಾರಿಯನ್ನು 3 ಕಾರುಗಳಿಗೆ ಸಮವೆಂದು ಹಿಡಿಯುತ್ತದೆ. ರಸ್ತೆಯ ಅಗಲ ನಿರ್ಧರಿಸಲು ಆ ಲೆಕ್ಕ ಸರಿ. ಆದರೆ ಸರದಿಯಂತೆ ನಿಂತು ಹೋಗುವ ವಿಷಯದಲ್ಲಿ ಬೈಕಿನವನೂ ಒಂದು ಸರದಿಯೇ. ಬಗೆಗಳನ್ನು ಬೇರೆ ಬೇರೆ ಕಾಲಂಗಳಲ್ಲಿ ಬರೆದಿಟ್ಟರೆ ಎಂಜಿನಿಯರ್ ಯಾವ ಲೆಕ್ಕವನ್ನಾದರೂ ಮಾಡಿಕೊಳ್ಳಬಹುದು.

ವೇಗ ಅಳೆಯಲು ಮುಖ್ಯರಸ್ತೆಯಲ್ಲಿ 50 ಮೀಟರ್ ಅಂತರಕ್ಕೆ ಎರಡು ಗುರುತು ಹಾಕಿ, ವಾಹನ ಅದನ್ನು ದಾಟಲು ತೆಗೆದುಕೊಂಡ ಸೆಕೆಂಡುಗಳಿಂದ 180ನ್ನು ಭಾಗಿಸಿ. 4.5 ಸೆಕೆಂಡ್ ಎಂದರೆ ಗಂಟೆಗೆ 40 ಕಿ.ಮೀ., 3 ಸೆಕೆಂಡ್ ಎಂದರೆ 60. ನೂರು ವಾಹನಗಳನ್ನು ವೇಗದ ಏರಿಕೆಯ ಕ್ರಮದಲ್ಲಿ ಬರೆದಾಗ 85ನೆಯದಾಗಿ ಬರುವ ವೇಗವನ್ನು ಲೆಕ್ಕಕ್ಕೆ ಹಿಡಿಯುವುದು ರೂಢಿ. ಅದು ಗಂಟೆಗೆ ಸುಮಾರು 64 ಕಿ.ಮೀ. ದಾಟಿದರೆ ಮೇಲಿನ ಸಂಖ್ಯೆಗಳ ಶೇ. 70, ಅಂದರೆ 210 ಮತ್ತು 140 ಇದ್ದರೆ ಸಾಕೆಂದು ಅಮೆರಿಕದ ಕೈಪಿಡಿ ಸಡಿಲಿಸುತ್ತದೆ. ಆದರೆ ಬರೀ ವೇಗ ಕಡಿಮೆ ಮಾಡುವ ಸಲುವಾಗಿ ಸ್ಟಾಪ್ ಫಲಕ ಹಾಕಬಾರದು. ವೇಗದ ಬಗ್ಗೆಯೇ ದೂರು ಇದ್ದರೆ ಹಂಪ್ ಕೇಳಿ, ಅದೂ ಸರಿಯಾದ ಅಳತೆಯದ್ದು: ರಸ್ತೆ ಕಾಂಗ್ರೆಸ್ 1988ರಲ್ಲಿ ಹೇಳಿದಂತೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಮುಂಚಿತವಾಗಿ ಎಚ್ಚರಿಕೆ ಫಲಕ, ಮೇಲೆ ಬಣ್ಣದ ಪಟ್ಟಿ. ರಾತ್ರೋರಾತ್ರಿ ಡಾಮರು ಸುರಿದು ಮಾಡಿದ ಗಿಡ್ಡ ದಿಬ್ಬ ಬೈಕಿನವರನ್ನು ಬೀಳಿಸುತ್ತದೆ.

ಇಳಿಜಾರನ್ನೂ ನೋಡಿ. ಕೆಂಪುಕಲ್ಲು ಹೇರಿದ ಲಾರಿಯನ್ನು ಕಡಿದಾದ ಏರಿನ ನಡುವೆ ನಿಲ್ಲಿಸಿದರೆ ಅದನ್ನು ಮತ್ತೆ ಎಳೆಯುವಾಗ ಹಿಂದೆ ಜಾರುವ ಭಯವಿದೆ. ಒದ್ದೆ ರಸ್ತೆಯ ಇಳಿಜಾರಿನಲ್ಲಿ ಗೆರೆಯ ಮೇಲೆ ನಿಲ್ಲುವುದೂ ಕಷ್ಟ. ಅಂತಹ ಕಡೆ ಫಲಕಕ್ಕಿಂತ ಜಂಕ್ಷನ್‌ನ ಆಕಾರವನ್ನೇ ತಿದ್ದುವುದು ಲೇಸು.

ಅರ್ಜಿ

ಅಪಘಾತ, ನೋಟ, ಎಣಿಕೆ ಮೂರರಲ್ಲಿ ಯಾವುದೂ ಅಳತೆಗೆ ಬಾರದಿದ್ದರೆ ಅಡ್ಡರಸ್ತೆಗೆ ಮಾತ್ರ ಸ್ಟಾಪ್ ಅಥವಾ ‘ದಾರಿ ಬಿಡಿ’ ಫಲಕ, ಸ್ಪಷ್ಟವಾದ ಬಿಳಿ ಗೆರೆ ಮತ್ತು ಪೊದೆ ಸವರುವ ಕೆಲಸವನ್ನು ಕೇಳಿ. ನಮ್ಮ ಬಹುಪಾಲು ಒಳರಸ್ತೆಗಳಿಗೆ ಬೇಕಾದದ್ದು ಇಷ್ಟೇ ಎಂದು ನನಗನಿಸುತ್ತದೆ. ಅಳತೆಗೆ ಬಂದರೆ, ನಾಲ್ಕು ಮೂಲೆಗಳ ನೋಟದ ದೂರ, ಎಣಿಕೆಯ ಕೋಷ್ಟಕ, ಅಪಘಾತಗಳ ದಿಕ್ಕು ತೋರಿಸುವ ಬಾಣಗಳು ಇವೆಲ್ಲ ಇರುವ ಒಂದು ಪುಟದ ನಕ್ಷೆಯೊಂದಿಗೆ ಪಂಚಾಯತ್‌ಗೆ ಅಥವಾ ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಡಿ; ಪ್ರತಿಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷಾ ಸಮಿತಿಗೆ ಕಳುಹಿಸಿ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿಯೇ ವ್ಯವಹರಿಸಲು, ಕನ್ನಡದಲ್ಲಿಯೇ ಉತ್ತರ ಪಡೆಯಲು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ಕನ್ನಡ ಓದಲು ಬಾರದ ಎಂಜಿನಿಯರ್ ಇದ್ದರೂ ಅಂಕಿಗಳಿರುವ ನಕ್ಷೆ ಅವರಿಗೆ ಅರ್ಥವಾಗುತ್ತದೆ.

ನಾಲ್ಕೂ ಕಡೆ ಫಲಕ ಮಂಜೂರಾದರೆ, ಮೊದಲ ವಾರಗಳಲ್ಲಿ ಮುಂಚಿತ ಎಚ್ಚರಿಕೆ ಫಲಕವೂ ಪೊಲೀಸರ ಹಾಜರಿಯೂ ಇರಲೆಂದು ಅದೇ ಅರ್ಜಿಯಲ್ಲಿ ಕೇಳಿಕೊಳ್ಳಿ. ಒಂದೇ ಹೊತ್ತಿಗೆ ಇಬ್ಬರು ಬಂದು ನಿಂತರೆ ಬಲಗಡೆಯವರಿಗೆ ದಾರಿ ಬಿಡಬೇಕೆಂಬುದನ್ನು ಶಾಲಾ ವಾಹನ, ಬಸ್ಸು, ಆಟೋಗಳ ಚಾಲಕರಿಗೆ ಮೊದಲೇ ತಿಳಿಸುವ ಕೆಲಸವನ್ನು ಊರಿನ ಕ್ಲಬ್ಬಿನವರು ವಹಿಸಿಕೊಳ್ಳಬಹುದು. ಮೂರು ತಿಂಗಳ ಅನಂತರ ಮತ್ತೆ ಒಂದು ಗಂಟೆ ಕುಳಿತು, ಎಷ್ಟು ಮಂದಿ ಪೂರ್ತಿ ನಿಲ್ಲುತ್ತಾರೆ, ಎಷ್ಟು ಮಂದಿ ನಿಲ್ಲದೆ ಹೋಗುತ್ತಾರೆ ಎಂದು ಎಣಿಸಿ, ಆ ಅಂಕಿಯನ್ನೂ ಅದೇ ಕಚೇರಿಗೆ ಕೊಡಿ.