ಹೆಡ್‌ಲೈಟ್ ಹತ್ತದಿದ್ದಾಗ ಬಲ್ಬ್ ಕೊಳ್ಳುವ ಮುಂಚೆ: ನನ್ನ ಅನುಭವ

ಹೆಡ್‌ಲೈಟ್ ಹತ್ತಲಿಲ್ಲ ಅಂದ ಕೂಡಲೇ ಬಲ್ಬ್ ತರಲು ಓಡಬೇಡಿ. ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆ ಓಡುವ ಹಳೆಯ ಸಣ್ಣ ಕಾರುಗಳಲ್ಲಿ ನನ್ನ ಕೈಗೆ ಹೆಚ್ಚಾಗಿ ಸಿಕ್ಕಿದ್ದು ಹೋಲ್ಡರ್ (ಬಲ್ಬ್ ಹಿಂದೆ ಸಿಕ್ಕಿಸುವ, ವೈರ್ ಬಂದು ಸೇರುವ ಗೂಡು) ಮತ್ತು ಅರ್ಥ್‌ನ (ಕರೆಂಟ್ ಕಾರಿನ ತಗಡಿನ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸಾಗುವ ಜೋಡಣೆ) ತೊಂದರೆ. ಅದಿರಿನ ಕೆಂಪು ಧೂಳು ಬಾನೆಟ್ ಒಳಗೆ ಹೊಕ್ಕು ಅರ್ಥ್ ಬೋಲ್ಟ್ ಸುತ್ತ ಕೂರುತ್ತದೆ. ಮಳೆಗಾಲದಲ್ಲಿ ಅದೇ ಧೂಳು ತೇವ ಹಿಡಿದಿಟ್ಟುಕೊಂಡು ತುಕ್ಕು ಎಬ್ಬಿಸುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಎಂಜಿನ್ ಕಾವೂ ಸೇರಿ ಪ್ಲಾಸ್ಟಿಕ್ ಹೋಲ್ಡರ್ ಪೆಡಸಾಗುತ್ತದೆ. ನಾನು ಹೇಳುತ್ತಿರುವುದು 60/55 ವ್ಯಾಟ್‌ನ ಎಚ್4 ಹ್ಯಾಲೊಜೆನ್ ಬಲ್ಬ್ (ದೂರದ ಬೆಳಕಾದ ಹೈಗೆ 60, ಹತ್ತಿರದ ಬೆಳಕಾದ ಡಿಮ್‌ಗೆ 55 ವ್ಯಾಟ್, ಒಂದೇ ಬಲ್ಬ್‌ನಲ್ಲಿ ಎರಡು ತಂತಿ) ಇರುವ ಕಾರುಗಳ ವಿಷಯ. ಕಂಪನಿಯಿಂದಲೇ ಎಲ್‌ಇಡಿ ಬಂದ ಹೊಸ ಕಾರುಗಳ ವೈರಿಂಗ್‌ಗೆ ಹೀಗೆ ಕೈ ಹಾಕಬಾರದು.

ಸಾಮಾನು ಜಾಸ್ತಿ ಬೇಡ. 10 ನಂಬರ್ ಸ್ಪ್ಯಾನರ್, ಪಾಲಿಶ್ ಪೇಪರ್, ಇನ್ನೂರು ಮುನ್ನೂರರ ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್. ಟೆಸ್ಟ್ ಲ್ಯಾಂಪ್ ಅನ್ನು ನಾನೇ ಮಾಡಿಕೊಂಡಿದ್ದೇನೆ: 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್, ಎರಡು ಮೀಟರ್ ವೈರ್, ಒಂದು ತುದಿಗೆ ಕ್ಲಿಪ್, ಇನ್ನೊಂದಕ್ಕೆ ದಪ್ಪ ಸೂಜಿ. ಮೀಟರ್‌ಗಿಂತ ನಾನು ನಂಬುವುದು ಇದನ್ನು. ಒಳಗೆ ಒಂದೇ ಎಳೆ ಉಳಿದಿರುವ ವೈರ್‌ನಲ್ಲೂ ಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ. 21 ವ್ಯಾಟ್ ಬಲ್ಬ್ ಹೆಚ್ಚುಕಡಿಮೆ ಎರಡು ಆಂಪಿಯರ್ ಎಳೆಯುವುದರಿಂದ ಅಂಥ ವೈರ್ ಅಲ್ಲೇ ಸಿಕ್ಕಿಬೀಳುತ್ತದೆ, ದೀಪ ಮಂಕಾಗುತ್ತದೆ.

ಮೊದಲು ಯಾವುದು ಹತ್ತುತ್ತಿದೆ, ಯಾವುದು ಇಲ್ಲ ಅಂತ ನೋಡಿ. ಒಂದೇ ಕಡೆ ಡಿಮ್ ಇಲ್ಲ, ಹೈ ಇದೆ ಅಂದರೆ ಬಲ್ಬ್‌ನ ಒಂದು ತಂತಿ ಹೋಗಿದೆ, ಇಲ್ಲವೇ ಹೋಲ್ಡರ್‌ನ ಒಂದು ಪಿನ್ ಸುಟ್ಟಿದೆ. ಒಂದು ಕಡೆ ಎರಡೂ ಮಂಕಾಗಿದ್ದರೆ ಆ ಕಡೆಯ ಅರ್ಥ್. ಎರಡೂ ಕಡೆ ಡಿಮ್ ಹೋಗಿ ಹೈ ಮಾತ್ರ ಇದ್ದರೆ ಸ್ಟೇರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್ (ಲೈಟ್ ಹಾಕುವ, ಡಿಮ್-ಹೈ ಮಾಡುವ ಕಡ್ಡಿ), ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಹರಿಸುವ ಸ್ವಿಚ್) ಅಥವಾ ಫ್ಯೂಸ್. ಆದರೂ ಎರಡೂ ಬಲ್ಬ್ ಬಿಚ್ಚಿ ನೋಡುವುದನ್ನು ಬಿಡಬೇಡಿ. ಒಂದು ಬಲ್ಬ್ ತಿಂಗಳುಗಳ ಹಿಂದೆಯೇ ಹೋಗಿ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಎರಡನೆಯದು ಹೋದ ದಿನ ಎರಡೂ ಒಟ್ಟಿಗೆ ಹೋದವು ಅನಿಸುತ್ತದೆ. ನಿಜಕ್ಕೂ ಎರಡೂ ಪದೇ ಪದೇ ಸುಡುತ್ತಿದ್ದರೆ ಎಂಜಿನ್ ಓಡಿಸಿ ಬ್ಯಾಟರಿ ಅಳೆಯಿರಿ. 13.8ರಿಂದ 14.5 ವೋಲ್ಟ್ ಸರಿ. 15 ದಾಟಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಲ್ಲಿ ವೋಲ್ಟ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಹೊಸ ಬಲ್ಬ್ ಹಾಕಿ ಉಪಯೋಗವಿಲ್ಲ.

ಫ್ಯೂಸ್ ಕೀಳುವುದು ಒಂದು ನಿಮಿಷದ ಕೆಲಸ. ಕೆಂಪು 10 ಆಂಪಿಯರ್, ನೀಲಿ 15. ರಾತ್ರಿ ದಾರಿಯಲ್ಲಿ ಸಿಕ್ಕಿಕೊಂಡರೆ ಟೇಪ್ ರೆಕಾರ್ಡರ್‌ನದ್ದೋ ಬ್ಲೋವರ್‌ನದ್ದೋ ಅಷ್ಟೇ ಆಂಪಿಯರ್‌ನ ಫ್ಯೂಸ್ ತೆಗೆದು ಹಾಕಬಹುದು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸ್ ಕಂಡರೆ ಕೂಡಲೇ ಕಿತ್ತು ಬಿಸಾಕಿ. ಅದು ಸುಡುವ ಬದಲು ವೈರಿಂಗ್ ಸುಡುತ್ತದೆ.

ಇನ್ನು ಹೋಲ್ಡರ್. ಹಿಂದಿನ ರಬ್ಬರ್ ಟೋಪಿ ತೆಗೆದು ಹೋಲ್ಡರ್ ಎಳೆದಾಗ ಬಿಗಿಯಾಗಿ ಬರಬೇಕು. ಸಲೀಸಾಗಿ ಜಾರಿ ಬಂದರೆ ಒಳಗಿನ ಹಿತ್ತಾಳೆ ಪಿನ್ ಸಡಿಲವಾಗಿದೆ ಅಂತಲೇ ಲೆಕ್ಕ. ಅಲ್ಲಿ ಬರೀ 0.2 ಓಮ್ ತಡೆ ಬಂದರೂ ಸಾಕು, ನಾಲ್ಕೂವರೆ ಆಂಪಿಯರ್ ಹರಿಯುವಾಗ ಆ ಚಿಕ್ಕ ಪಿನ್‌ನಲ್ಲೇ ನಾಲ್ಕು ವ್ಯಾಟ್ ಕಾವು ಏಳುತ್ತದೆ. ಕಾವಿಗೆ ಪಿನ್ ಇನ್ನಷ್ಟು ಸಡಿಲ, ಸಡಿಲಕ್ಕೆ ಇನ್ನಷ್ಟು ಕಾವು. ಕೊನೆಗೆ ಪಿನ್ ನೀಲಿ-ಕಪ್ಪು ಬಣ್ಣಕ್ಕೆ ತಿರುಗಿ, ಸುತ್ತಲಿನ ಪ್ಲಾಸ್ಟಿಕ್ ಕಂದಾಗಿ ಕರಗಿರುತ್ತದೆ. ಅಂಥದ್ದನ್ನು ಉಜ್ಜಿ ಮತ್ತೆ ಹಾಕಿದರೆ ತಾಳುವುದಿಲ್ಲ, ಹಿತ್ತಾಳೆಯ ಬಿಗಿ ಹೋಗಿರುತ್ತದೆ. ನೂರು ನೂರೈವತ್ತರ ಸೆರಾಮಿಕ್ ಹೋಲ್ಡರ್ ತನ್ನಿ. ಹಳೆಯ ವೈರ್ ಕಪ್ಪಾಗಿರುವಷ್ಟು ಕತ್ತರಿಸಿ, ತಾಮ್ರ ಹೊಳೆಯುವ ಕಡೆ ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ (ಕಾಯಿಸಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ತೊಡಿಸಿ. ಬರೀ ತಿರುಚಿ ಟೇಪ್ ಸುತ್ತಿದರೆ ನಮ್ಮ ಬೇಸಿಗೆಗೆ ಟೇಪಿನ ಅಂಟು ಬಿಟ್ಟುಕೊಳ್ಳುತ್ತದೆ.

ಅರ್ಥ್ ನೋಡಲು ಲೈಟ್ ಹಾಕಿಟ್ಟು, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಹೋಲ್ಡರ್‌ನ ಅರ್ಥ್ ವೈರ್‌ಗೆ ಚುಚ್ಚಿ. 0.2 ವೋಲ್ಟ್ ಒಳಗಿದ್ದರೆ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಬೋಲ್ಟ್ ಬಿಚ್ಚಿ, ಬಣ್ಣ ಹೋಗಿ ಬರಿ ತಗಡು ಕಾಣುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ವೋಲ್ಟ್ ಶೇಕಡಾ 10 ಬಿದ್ದರೆ ಬೆಳಕು ಶೇಕಡಾ 30ರಷ್ಟು ಬೀಳುತ್ತದೆ, ಆದ್ದರಿಂದ ಇದು ಸಣ್ಣ ಮಾತಲ್ಲ. ಕೆಲವು ಕಾರುಗಳಲ್ಲಿ ಸ್ವಿಚ್ ಇರುವುದೇ ಅರ್ಥ್ ಕಡೆ. ಅಲ್ಲಿ ಟೆಸ್ಟ್ ಲ್ಯಾಂಪ್ ಕ್ಲಿಪ್ಪನ್ನು ಎಂದಿನಂತೆ ಮೈನಸ್‌ಗೆ ಹಾಕದೆ ಬ್ಯಾಟರಿಯ ಪ್ಲಸ್‌ಗೆ ಹಾಕಿ ನೋಡದಿದ್ದರೆ ಸುಮ್ಮನೆ ದಾರಿ ತಪ್ಪುತ್ತೀರಿ.

ರಿಲೇ ಅನುಮಾನ ಬಂದರೆ ಅದೇ ಅಳತೆಯ, ಅದೇ ಪಿನ್‌ನ ಹಾರ್ನ್ ರಿಲೇ ಹಾಕಿ ನೋಡಿ. ರಿಲೇಯೇ ಇಲ್ಲದ ಕಾರಿನಲ್ಲಿ ಕರೆಂಟೆಲ್ಲ ಕಾಂಬಿನೇಷನ್ ಸ್ವಿಚ್ ಮೂಲಕವೇ ಹೋಗಿ ಅದರ ಪಾಯಿಂಟ್ ಸುಡುತ್ತದೆ. ಸ್ವಿಚ್ ಬದಲಿಸುವ ಖರ್ಚಿಗಿಂತ ಡಿಮ್‌ಗೊಂದು, ಹೈಗೊಂದು ರಿಲೇ ಹಾಕುವುದು ಅಗ್ಗ. ಬ್ಯಾಟರಿ ಪ್ಲಸ್‌ನಿಂದ, ಅದರ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ದಾಟಿಸಿ, ರಿಲೇಯ 30 ನಂಬರ್ ಪಿನ್‌ಗೆ, 87ರಿಂದ ಬಲ್ಬ್‌ಗಳಿಗೆ, ಹಳೆಯ ಹೆಡ್‌ಲೈಟ್ ವೈರ್ 86ಕ್ಕೆ, 85 ಅರ್ಥ್‌ಗೆ. ವೈರ್ 2.5 ಸ್ಕ್ವೇರ್ ಎಂಎಂ. ಸ್ವಿಚ್ ಅರ್ಥ್ ಕಡೆ ಇರುವ ಕಾರಿಗೆ ಈ ಜೋಡಣೆ ಹೊಂದುವುದಿಲ್ಲ.

ಬೆಳಕು ಸಾಲದೆಂದು 100/90 ವ್ಯಾಟ್ ಬಲ್ಬ್ ಹಾಕುವವರು ಬಹಳ. ಕಂಪನಿ ವೈರಿಂಗ್ ಮೇಲೆ ಅದು ಹೋಲ್ಡರನ್ನು ಕರಗಿಸುತ್ತದೆ, ಎದುರಿನ ಬೈಕಿನವನ ಕಣ್ಣನ್ನೂ ಕಟ್ಟುತ್ತದೆ. ದಯವಿಟ್ಟು ಬೇಡ. ಹೊಸ ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತ ಜಾಗ ಹೆಚ್ಚು ಕಾಯ್ದು ಗಾಜು ಬೇಗ ಕೆಡುತ್ತದೆ.

ಎಲ್ಲ ಮುಗಿದ ಮೇಲೆ ಎಂಜಿನ್ ಓಡುತ್ತಿರುವಾಗ 15 ನಿಮಿಷ ಲೈಟ್ ಹಾಕಿಡುತ್ತೇನೆ. ಆಮೇಲೆ ಲೈಟ್ ಆರಿಸಿ, ಹೋಲ್ಡರ್‌ಗೆ ಬರುವ ವೈರ್, ಫ್ಯೂಸ್, ರಿಲೇ ಒಂದೊಂದೇ ಮುಟ್ಟಿ ನೋಡುತ್ತೇನೆ. ಯಾವುದು ಪಕ್ಕದ್ದಕ್ಕಿಂತ ಹೆಚ್ಚು ಕಾದಿರುತ್ತದೋ ಆ ಜೋಡಣೆಯನ್ನು ಬಿಚ್ಚಿ ಮತ್ತೆ ಮಾಡುತ್ತೇನೆ.