ಇಂಗ್ಲಿಷ್ ಬಿಟ್ಟೆ, ಕನ್ನಡದಿಂದ ಇಟಾಲಿಯನ್ ಹಿಡಿದೆ

ಇಟಲಿಯ ತೊರಿನೊ (ಟ್ಯೂರಿನ್) ನಗರಕ್ಕೆ ಬಂದು ಎರಡು ವರ್ಷವಾದರೂ ನನ್ನ ಇಟಾಲಿಯನ್ ಎ2, ಅಂದರೆ ಆರು ಮೆಟ್ಟಿಲುಗಳಲ್ಲಿ ಎರಡನೆಯದು, ಬಿಟ್ಟು ಮೇಲೆ ಹೋಗಿರಲಿಲ್ಲ. ಕನ್ನಡದ ಮೂಲಕ ಕಲಿಯುತ್ತೇನೆ ಅಂದಾಗ ಇಲ್ಲಿನ ನಮ್ಮ ಗೆಳೆಯರು ಒಬ್ಬರೂ ಒಪ್ಪಲಿಲ್ಲ. "ಸುಮ್ನೆ ಟೈಮ್ ಹಾಳು" ಅಂದರು. ಈಗ ಚಿಲ್ಸ್ ಅನ್ನುವ ಇಟಾಲಿಯನ್ ಭಾಷಾ ಪರೀಕ್ಷೆಯ ಬಿ1 (ಮುಂದಿನ ಮೆಟ್ಟಿಲು) ಸರ್ಟಿಫಿಕೇಟ್ ಕೈಯಲ್ಲಿದೆ.

ಅದಕ್ಕೂ ಮೊದಲು ಕಳೆದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಖಾಸಗಿ ಪಾಠ, ಗಂಟೆಗೆ 25 ಯೂರೋ, ಹೆಚ್ಚುಕಡಿಮೆ 30 ಗಂಟೆ. ಎಲ್ಲ ವಿವರಣೆಯೂ ಇಂಗ್ಲಿಷಿನಲ್ಲೇ. 'ಸಪೇವೊ', 'ಓ ಸಪೂತೊ' ಎರಡಕ್ಕೂ 'ಐ ನ್ಯೂ' ಅಂತ ಬರೆದುಕೊಂಡು ಆರು ತಿಂಗಳು ಒದ್ದಾಡಿದೆ. ಒಂದು ರಾತ್ರಿ ಪಾತ್ರೆ ತೊಳೆಯುವಾಗ ತಟ್ಟನೆ ಹೊಳೆಯಿತು. ಸಪೇವೊ ಅಂದರೆ ಗೊತ್ತಿತ್ತು. ಓ ಸಪೂತೊ ಅಂದರೆ ಗೊತ್ತಾಯಿತು. ಕೊನೊಶೇವೊ ಅಂದರೆ ಪರಿಚಯವಿತ್ತು, ಓ ಕೊನೊಶೂತೊ ಅಂದರೆ ಪರಿಚಯವಾಯಿತು. ಅಷ್ಟೇ! ನಮಗೆ ಹುಟ್ಟಿನಿಂದ ಬಂದದ್ದಕ್ಕೆ ನಾನು ದುಡ್ಡು ಕೊಡುತ್ತಿದ್ದೆ.

ಮಾರನೇ ದಿನದಿಂದ ನೋಟ್‌ಬುಕ್‌ನಲ್ಲಿ ಇಂಗ್ಲಿಷ್ ಬಂದ್. 'ನನಗೆ ತಲೆ ನೋಯುತ್ತಿದೆ' ಅನ್ನುವುದು 'ಮಿ ಫಾ ಮಾಲೆ ಲಾ ತೆಸ್ತಾ'. 'ನನಗೆ ಬೇಕು' ಅನ್ನುವ ಕಡೆ 'ಮಿ ಸೆರ್ವೆ'. ಆ 'ಮಿ' ನಮ್ಮ 'ನನಗೆ'ಯೇ ಅಲ್ವಾ? ಇಂಥ ವಾಕ್ಯ 400ರ ಹತ್ತಿರ ಬರೆದೆ.

'ನೆ' ಅನ್ನುವ ಪುಟ್ಟ ಪದ ಮಾತ್ರ ಬಹಳ ಕಾಡಿತು. ಪೋರ್ತಾ ಪಲಾಝೊ ಸಂತೆಯಲ್ಲಿ ಬದನೆಕಾಯಿ ಮಾರುವವರು "ಕ್ವಾಂತೆ ನೆ ವುವೊಲೆ?" (ಎಷ್ಟು ಬೇಕು?) ಅಂತ ಕೇಳಿದರೆ ನಾನು "ಪ್ರೆಂದೊ ದುವೆ" (ಎರಡು ತಗೋತೀನಿ) ಅನ್ನುತ್ತಿದ್ದೆ. ಪ್ರತಿ ಸಲ ಅವರು "ನೆ ಪ್ರೆಂದೊ ದುವೆ" ಅಂತ ತಿದ್ದುತ್ತಿದ್ದರು. ಕನ್ನಡದಲ್ಲಿ 'ಎರಡು ಕೊಡಿ' ಅಂದರೆ ಮುಗಿಯಿತು, ಇಲ್ಲಿ ಮುಗಿಯುವುದಿಲ್ಲ. ಕೊನೆಗೆ ಮನಸ್ಸಿನಲ್ಲಿ 'ಅದರಲ್ಲಿ ಎರಡು' ಅಂದುಕೊಂಡು ಬಾಯಿ ಬಿಡುವ ಅಭ್ಯಾಸ ಮಾಡಿದೆ. ಎರಡು ವಾರದಲ್ಲಿ ಸರಿಹೋಯಿತು. ನಾಮಪದದ ಲಿಂಗಕ್ಕೆ ಕನ್ನಡ ಏನೂ ಸಹಾಯ ಮಾಡುವುದಿಲ್ಲ. ಅದಕ್ಕೆ ನನ್ನದೇ ಒಂದು ಉಪಾಯ ಇದೆ. ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಚಿಲ್ಸ್ ಬಿ1 ಪರೀಕ್ಷೆಯಲ್ಲಿ ಐದು ಭಾಗ, ಒಂದೊಂದಕ್ಕೆ 20 ಅಂಕ, ಪ್ರತಿಯೊಂದರಲ್ಲೂ 11 ಬರಲೇಬೇಕು. ಮೊದಲ ಸಲ ಬರೆದಾಗ, ಕೇಳಿಸಿಕೊಂಡು ಉತ್ತರಿಸುವ ಭಾಗದಲ್ಲಿ 9 ಬಂತು. ಪಾಸಾದ ಭಾಗಗಳು 18 ತಿಂಗಳು ಉಳಿಯುತ್ತವೆ, ಹಾಗಾಗಿ ಅದೊಂದನ್ನೇ ಮತ್ತೆ ಬರೆದೆ. ತಯಾರಿಗೆ ದಿನಾ ರಾಯ್ ರೇಡಿಯೋ 1ರ ವಾರ್ತೆ ಎರಡು ನಿಮಿಷ ಕೇಳಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೆ. ಇದರ ಬಲವನ್ನು ಬರೆದು ನೋಡಿಯೇ ತಿಳಿಯಬೇಕು. 'ಕಪೆಲ್ಲೊ' ಕೂದಲು, 'ಕಪ್ಪೆಲ್ಲೊ' ಟೋಪಿ. 'ಕಾಸ' ಮನೆ, 'ಕಸ್ಸ' ದುಡ್ಡು ಕಟ್ಟುವ ಕೌಂಟರ್. ಒತ್ತಕ್ಷರ ಹಾಕುವ ಕೈಗೆ ಈ ವ್ಯತ್ಯಾಸ ತಪ್ಪುವುದೇ ಇಲ್ಲ. ಞೊಕ್ಕಿ ಅನ್ನುವ ಇಲ್ಲಿನ ತಿಂಡಿಯ ಞ ಕೂಡ ನಮ್ಮಲ್ಲಿ ರೆಡಿ ಇದೆ.

ನಡುವೆ ಭಾನುವಾರದ ಫುಟ್‌ಬಾಲ್ ಕಾಮೆಂಟರಿಯನ್ನೂ ಬರೆಯಲು ಹೋದೆ. ಮೂರು ವಾರ ಹೋಯಿತು, ಆಟಗಾರರ ಹೆಸರು ಬಿಟ್ಟು ಏನೂ ಸಿಗಲಿಲ್ಲ. ಪೋರ್ತಾ ನುವೊವಾ ರೈಲು ನಿಲ್ದಾಣದ ಅನೌನ್ಸ್‌ಮೆಂಟ್‌ಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರೆದದ್ದು ಅದಕ್ಕಿಂತ ಜಾಸ್ತಿ ಉಪಯೋಗವಾಯಿತು.

ಎರಡನೇ ಸಲ 16 ಬಂತು. ಈಗ ಬಿ2ಗೆ ಕೊಂಜುಂತೀವೊ (ಸಂದೇಹ, ಆಸೆ ಹೇಳುವ ಕ್ರಿಯಾರೂಪ) ಹಿಡಿದಿದ್ದೇನೆ. 'ಬಂದಿರಬಹುದು', 'ಬರಲಿ' ಇವುಗಳಿಂದ ಅರ್ಧ ದಾರಿ ಸಿಕ್ಕಿದೆ.